ಮೇಟಗಳ್ಳಿಯ ಕಾಯಿಲ್ ಹುಡುಕಿಕೊಂಡು ಉತ್ತರ ಸಮುದ್ರಕ್ಕೆ

ಮೇಟಗಳ್ಳಿ

ನಾನು ಡೆನ್ಮಾರ್ಕಿಗೆ ಹೋದದ್ದು ಊರು ನೋಡುವುದಕ್ಕಲ್ಲ, ಉತ್ತರ ಹೇಳುವುದಕ್ಕೆ. ನಮ್ಮ ಕಾರ್ಖಾನೆಯಲ್ಲಿ ಸುತ್ತಿದ ತಾಮ್ರದ ತಂತಿಯ ಕಾಯಿಲ್‌ಗಳು ಅಲ್ಲಿ ಸಮುದ್ರದ ಮಧ್ಯೆ ಒಂದೊಂದಾಗಿ ಸುಟ್ಟುಹೋಗುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನ ಮೇಟಗಳ್ಳಿಯಲ್ಲಿ ನಮ್ಮದು ಸಣ್ಣ ಕಾರ್ಖಾನೆ. ಹದಿನಾಲ್ಕು ಜನ ಹೆಂಗಸರು ಸಾಲಾಗಿ ಕೂತು ತಾಮ್ರದ ತಂತಿ ಸುತ್ತುತ್ತಾರೆ. ಅವರ ಮೇಲ್ವಿಚಾರಣೆ ನನ್ನದು. ಮದುವೆಯಾಗಿ ಚಾಮರಾಜಪುರಂಗೆ ಬಂದ ಮರುವರ್ಷ ಈ ಕೆಲಸಕ್ಕೆ ಸೇರಿದವಳು ಅಲ್ಲೇ ತಲೆ ನರೆಸಿಕೊಂಡೆ. ಡೆನ್ಮಾರ್ಕಿನವರು ಸಮುದ್ರದೊಳಗೆ ಕಂಬ ನೆಟ್ಟು ಗಾಳಿಯಿಂದ ಕರೆಂಟು ತೆಗೆಯುತ್ತಾರೆ. ತೊಂಬತ್ತರ ದಶಕದಲ್ಲಿ ದಡದ ಹತ್ತಿರವೇ ನೆಟ್ಟಿದ್ದರಂತೆ, ಈಗ ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದರು. ಆ ಒಂದೊಂದು ಗಾಳಿಯಂತ್ರದ ಒಳಗೂ ಒಂದು ಕಬ್ಬಿಣದ ಕಪಾಟು, ಕಪಾಟಿನಲ್ಲಿ ಒಂದು ಸ್ವಿಚ್ಚು, ಆ ಸ್ವಿಚ್ಚನ್ನು ಎಳೆದು ಹಿಡಿಯುವುದು ಮುಷ್ಟಿಗಾತ್ರದ ನಮ್ಮ ಕಾಯಿಲ್. ಕಾಯಿಲ್ ಸುಟ್ಟರೆ ಸ್ವಿಚ್ಚು ಬಿಟ್ಟುಕೊಳ್ಳುತ್ತದೆ, ತೆಂಗಿನಮರಕ್ಕಿಂತ ಎಷ್ಟೋ ಪಟ್ಟು ಎತ್ತರದ ಯಂತ್ರ ಸುಮ್ಮನೆ ನಿಂತುಬಿಡುತ್ತದೆ.

ಒಂದು ಫ್ಯಾಕ್ಸ್ ಬಂತು. ಕಾಯಿಲ್ ಸುತ್ತುವ ಕೈ ಯಾರದೋ ಅವರನ್ನೇ ಕಳಿಸಿಕೊಡಿ, ಸುಟ್ಟದ್ದನ್ನು ಬಿಚ್ಚಿ ನೋಡಬೇಕು ಎಂದು. ಮಾಲೀಕರು ನಂಜುಂಡಯ್ಯನವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಗಿರಿಜಮ್ಮೋರೇ, ಇಂಜಿನಿಯರ್ ಸಾಹೇಬ್ರು ಹೋದ್ ತಿಂಗಳೇ ಕೆಲಸ ಬಿಟ್ಬುಟ್ರು. ನನಗೆ ಲೆಕ್ಕಪತ್ರ ಗೊತ್ತು, ತಂತಿ ಗೊತ್ತಿಲ್ಲ. ನೀವೇ ಹೋಗ್ಬನ್ನಿ."

"ನನ್ನ ಇಂಗ್ಲಿಷ್ ಡ್ರಾಯಿಂಗ್ ಓದೋವಷ್ಟು ಮಾತ್ರ ಕಣ್ರೀ ಸಾರ್."

"ಅವ್ರು ಕೇಳ್ತಿರೋದು ಕೈನ, ಬಾಯ್ನ ಅಲ್ಲ."

ಮನೆಯಲ್ಲಿ ನಮ್ಮ ಯಜಮಾನರು ಶಿವಸ್ವಾಮಿ ನನಗಿಂತ ಹೆಚ್ಚು ಖುಷಿಪಟ್ಟರು. ಅವರದು ಪೂಜಾ ಸಾಮಾನಿನ ಅಂಗಡಿ. "ಹೋಗ್ ಬಾ ಕಣೇ. ಹತ್ತು ದಿನ ನಾನು ಅನ್ನ-ಸಾರು ಮಾಡ್ಕೊಳೋದ್ರಲ್ಲಿ ಸತ್ತೋಗಲ್ಲ" ಎಂದು, ಅಂಗಡಿಯ ಒಳ್ಳೆಯ ವಿಭೂತಿ ಗಟ್ಟಿಗಳನ್ನೇ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟರು.

ವಿಮಾನ ನಿಲ್ದಾಣ

ಆ ವಿಭೂತಿಯೇ ನನ್ನನ್ನು ಮೊದಲು ಹಿಡಿದುಹಾಕಿದ್ದು. ಕೋಪನ್‌ಹೇಗನ್ನಿನಲ್ಲಿ ಸುಂಕದವರು ಪೆಟ್ಟಿಗೆ ತೆಗೆಸಿದರು. ಚಟ್ನಿಪುಡಿ ಮೂಸಿದ ಎತ್ತರದ ಹೆಂಗಸು ಎರಡು ಸಲ ಸೀನಿ ಪಕ್ಕಕ್ಕಿಟ್ಟಳು. ಆಮೇಲೆ ಬಿಳಿ ಗಟ್ಟಿಗಳು ಸಿಕ್ಕವು. ಅವಳ ಮುಖ ಬದಲಾಯಿತು. ಇನ್ನಿಬ್ಬರು ಬಂದರು.

"ಇದು ಏನು?"

ನನಗೆ ಬೂದಿ ಎಂಬುದಕ್ಕೆ ಇಂಗ್ಲಿಷ್ ಪದ ಹೊಳೆಯಲೇ ಇಲ್ಲ. ಹೊಳೆದದ್ದು ಒಂದೇ ದಾರಿ. ಕೈಗೆ ನೀರಿನ ಬಾಟಲಿ ತೆಗೆದುಕೊಂಡು, ಗಟ್ಟಿಯನ್ನು ಅಂಗೈಯಲ್ಲಿ ತೇಯ್ದು, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡು ಅವರ ಮುಂದೆ ನಿಂತೆ. ಆ ಹೆಂಗಸು ನನ್ನ ಹಣೆ ನೋಡಿದಳು, ಗಟ್ಟಿ ನೋಡಿದಳು, ಪಾಸ್‌ಪೋರ್ಟಿನ ಫೋಟೋ ನೋಡಿದಳು. ಫೋಟೋದಲ್ಲೂ ಮೂರು ಪಟ್ಟೆ ಇತ್ತು. ನಕ್ಕುಬಿಟ್ಟಳು. ಗಟ್ಟಿಗಳನ್ನು ಮತ್ತೆ ನಾನು ಇಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ಸುತ್ತಿ ಒಳಗಿಟ್ಟು, ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಬಿಗಿಮಾಡಿ ಕೊಟ್ಟಳು. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಮನುಷ್ಯಜೀವ ಅವಳು. ಹೆಸರು ಕೇಳಬೇಕಿತ್ತು ಎಂದು ರೈಲು ಹತ್ತಿದ ಮೇಲೆ ಅನ್ನಿಸಿತು.

ಕರೆನ್ ಮನೆ

ಪಶ್ಚಿಮದ ದಂಡೆಯ ಆ ಬಂದರಿನ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ರೈಲ್ವೆ ನಿಲ್ದಾಣಕ್ಕೆ ಬಂದವಳು ಗಾಳಿಯಂತ್ರದ ಕಂಪನಿಯ ಇಂಜಿನಿಯರ್ ಮೆಟ್ಟೆ. ಮೂವತ್ತೈದು ದಾಟದ ಹುಡುಗಿ. "ಹಲೋ ಗಿರಿಜಾ" ಎಂದಳು. ನಮ್ಮಲ್ಲಿ ಮಾಲೀಕರೇ ನನ್ನನ್ನು ಗಿರಿಜಮ್ಮೋರೇ ಎನ್ನುವಾಗ, ಮಗಳ ವಯಸ್ಸಿನವಳು ಹೀಗೆ ಬರಿಯ ಹೆಸರು ಹಿಡಿದು ಕರೆದದ್ದು ಒಂದು ಕ್ಷಣ ಚುಚ್ಚಿತು. ಆಮೇಲೆ ನೋಡಿದರೆ ಅವಳು ಅವಳ ಮೇಲಧಿಕಾರಿಯನ್ನೂ ಹಾಗೆಯೇ ಕರೆಯುತ್ತಾಳೆ, ಅವನು ಕಸ ಗುಡಿಸುವವನನ್ನೂ ಹಾಗೆಯೇ ಕರೆಯುತ್ತಾನೆ. ಮರ್ಯಾದೆಯನ್ನು ಅವರು ಮಾತಿನಲ್ಲಿಟ್ಟಿಲ್ಲ, ಬೇರೆಲ್ಲೋ ಇಟ್ಟಿದ್ದಾರೆ ಎಂದುಕೊಂಡೆ. ಅದು ಎಲ್ಲಿ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು.

ನನ್ನನ್ನು ಇಳಿಸಿದ್ದು ಕರೆನ್ ಎಂಬ ನಿವೃತ್ತ ಶಾಲಾ ಶಿಕ್ಷಕಿಯ ಮನೆಯಲ್ಲಿ. ಮಾಂಸ, ಮೀನು, ಮೊಟ್ಟೆ ಬೇಡ ಎಂದು ಮೆಟ್ಟೆ ಮೊದಲೇ ಹೇಳಿದ್ದಳಂತೆ. ಮೀನಿನ ಊರಿನಲ್ಲಿ ಮೀನು ಬೇಡ ಎಂದರೆ ಮೈಸೂರಿಗೆ ಬಂದು ಅನ್ನ ಬೇಡ ಎಂದ ಹಾಗೆ. ಕರೆನ್ ಗಾಬರಿಯಾಗಿ ಮೊದಲ ದಿನ ಬೇಯಿಸಿದ ಆಲೂಗೆಡ್ಡೆ, ಎರಡನೇ ಹೊತ್ತಿಗೆ ಹುರಿದ ಆಲೂಗೆಡ್ಡೆ, ಮೂರನೇ ಹೊತ್ತಿಗೆ ಹಿಸುಕಿದ ಆಲೂಗೆಡ್ಡೆ ಮಾಡಿಟ್ಟಳು. ನಾನು ಚಟ್ನಿಪುಡಿಯ ಡಬ್ಬಿ ತೆಗೆದೆ. ಅವಳೂ ಒಂದು ಚಿಟಿಕೆ ಹಾಕಿಕೊಂಡಳು, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಚಿಟಿಕೆಗೆ ಕೈಚಾಚಿದಳು. ಅಲ್ಲಿಂದಾಚೆಗೆ ನಮಗೆ ಭಾಷೆಯ ಕಷ್ಟ ಅಷ್ಟಾಗಿ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ, ಒಗೆದ ಸೀರೆಯನ್ನು ಅವಳ ಹಿತ್ತಲ ಹಗ್ಗಕ್ಕೆ ಹಾಕಿ ಎರಡು ಕ್ಲಿಪ್ಪು ಸಿಕ್ಕಿಸಿದೆ. ಚಾಮುಂಡಿಬೆಟ್ಟದ ಮೇಲೆ ಆಷಾಢದಲ್ಲಿ ಬೀಸುವುದನ್ನೇ ನಾನು ಗಾಳಿ ಎಂದುಕೊಂಡಿದ್ದೆ. ಒಳಗೆ ಬಂದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಕಿಟಕಿಯಾಚೆ ನನ್ನ ಹಸಿರು ಸೀರೆ ಇಡೀ ಉದ್ದ ಬಿಚ್ಚಿಕೊಂಡು ಬೇಲಿ ದಾಟಿ ಹಾರಿತು. ಪಕ್ಕದ ಹುಲ್ಲುಗಾವಲಿನಲ್ಲಿ ಕುರಿಗಳು ದಿಕ್ಕಾಪಾಲಾಗಿ ಓಡಿದವು. ನಾನು ಕಾಲುಚೀಲದಲ್ಲೇ ಹೊರಗೆ ಓಡಿದೆ.

ಬೇಲಿಯಾಚೆ ಬಿಳಿ ಗಡ್ಡದ ದಪ್ಪ ಮನುಷ್ಯನೊಬ್ಬ ಸೀರೆಯ ತುದಿಯನ್ನು ಕಾಲಲ್ಲಿ ಮೆಟ್ಟಿ ಹಿಡಿದಿದ್ದ. ಮೆಟ್ಟಿದ್ದಕ್ಕೆ ಕೋಪ ಬಂತು, ಆದರೆ ಅವನು ಬಗ್ಗಿ ಅದನ್ನು ಎತ್ತಿ, ಗಾಳಿಗೆ ಬೆನ್ನು ಕೊಟ್ಟು, ಮಡಿಕೆಯ ಮೇಲೆ ಮಡಿಕೆ ಹಾಕಿ ಎಷ್ಟು ಚೆನ್ನಾಗಿ ಮಡಿಸಿದನೆಂದರೆ ನನ್ನ ಕೋಪ ಅಲ್ಲೇ ಇಳಿಯಿತು. "ಹಾಯಿಬಟ್ಟೆ ಹೀಗೆ ಮಡಿಸುತ್ತೇವೆ" ಎಂದ. ಹೆಸರು ಯೆನ್ಸ್. ಹುಟ್ಟಾ ಬೆಸ್ತ. ಈಗ ಗಾಳಿಯಂತ್ರಗಳಿಗೆ ಕೆಲಸದವರನ್ನು ಕರೆದೊಯ್ಯುವ ಬೋಟಿನಲ್ಲಿ ಅವನದು ಕೆಲಸ.

ಬಂದರಿನ ವರ್ಕ್‌ಶಾಪು

ವರ್ಕ್‌ಶಾಪಿನ ಬಿಳಿ ಮೇಜಿನ ಮೇಲೆ ಸುಟ್ಟ ಕಾಯಿಲ್‌ಗಳನ್ನು ಸಾಲಾಗಿ ಇಟ್ಟಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ನಮ್ಮ ಮಗು ಯಾವುದೆಂದು ಗೊತ್ತಾಗುವ ಹಾಗೆ ನನಗೆ ಅವು ದೂರದಿಂದಲೇ ಗೊತ್ತಾದವು. ನಮ್ಮ ಬಿಳಿ ಟೇಪು, ನಮ್ಮ ಗಂಟು.

ಮೆಟ್ಟೆಗೆ ಒಂದು ಅನುಮಾನ ಆಗಲೇ ಗಟ್ಟಿಯಾಗಿತ್ತು. ಕಪಾಟಿನೊಳಗೆ ಬೆಚ್ಚಗಿಡುವ ಹೀಟರ್ ಸಾಲದು, ಉಪ್ಪುಗಾಳಿ ನುಗ್ಗಿ ತೇವ ಕಟ್ಟುತ್ತದೆ, ತಪ್ಪು ಬಹುಶಃ ತಮ್ಮ ಕಂಪನಿಯದೇ ಎಂದಳು. "ಆದರೂ ನೀನು ಒಂದನ್ನು ಬಿಚ್ಚಿ ನೋಡು. ನಮ್ಮಲ್ಲಿ ಯಾರಿಗೂ ಸುತ್ತು ಕೆಡದ ಹಾಗೆ ಬಿಚ್ಚಲು ಬರುವುದಿಲ್ಲ" ಎಂದು ಹೇಳಿ ಫೋನು ಮಾಡಲು ಹೋದಳು.

ಬಿಚ್ಚಿದೆ. ಹೊರಗಿನ ಸುತ್ತುಗಳು ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿದ್ದವು. ತೇವ ಹೊರಗಿನಿಂದ ಬಂದಿದ್ದರೆ ಮೊದಲು ಕೆಡಬೇಕಾದದ್ದು ಇವೇ. ಒಳಗಿಳಿದ ಹಾಗೆ ಬಣ್ಣ ಮಂಕಾಯಿತು. ಕೊನೆಯ ಪದರಕ್ಕೆ ಬಂದಾಗ ತಂತಿ ಹಸಿರುಗಟ್ಟಿತ್ತು, ಪದರಗಳ ನಡುವೆ ಇಡುವ ಕಾಗದ ಬೆರಳಿಗೆ ಮೆತ್ತಗೆ ತಾಕಿತು.

ನನಗೆ ಎಲ್ಲಾ ನೆನಪಾಯಿತು. ಸುತ್ತಿದ ಕಾಯಿಲನ್ನು ವಾರ್ನಿಷಿನಲ್ಲಿ ಅದ್ದುವ ಮೊದಲು ಒಲೆಯಲ್ಲಿ, ಅಂದರೆ ನಮ್ಮ ದೊಡ್ಡ ಓವನ್ನಿನಲ್ಲಿ, ಎಂಟು ಗಂಟೆ ಒಣಗಿಸಬೇಕು. ಹಿಂದಿನ ವರ್ಷದ ಮಳೆಗಾಲದಲ್ಲಿ ದಿನಾ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಓವನ್ನು ತಣ್ಣಗಾಗುತ್ತಿತ್ತು. ಸಾಗಿಸುವ ಲಾರಿ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಅಶೋಕಪುರಂನಿಂದ ಬರುವ ಪುಟ್ಟಮ್ಮ ಓವನ್ನಿನ ಬಾಗಿಲು ತೆಗೆದು ಮುಟ್ಟಿ ನೋಡಿ, "ಅಕ್ಕ, ಇನ್ನೂ ಒಣಗಿಲ್ಲ ಕಣಕ್ಕ" ಎಂದಿದ್ದಳು. "ಎತ್ತು, ವಾರ್ನಿಷ್ ಹಾಕುದ್ರೆ ಸರಿಹೋಯ್ತದೆ" ಎಂದವಳು ನಾನು. ಕಾಯಿಲ್ ಜೊತೆ ಹೋಗುವ ಕಾರ್ಡಿನಲ್ಲಿ ಎಂಟು ಗಂಟೆ ಎಂದು ಬರೆದು ಸಹಿ ಹಾಕಿದವಳೂ ನಾನು. ಹಸಿಯನ್ನು ಒಳಗೇ ಇಟ್ಟು ಮೇಲೆ ಮುಚ್ಚಿಬಿಟ್ಟಿದ್ದೆ.

ಮೆಟ್ಟೆ ವಾಪಸ್ ಬಂದಳು. "ಏನಾದರೂ ಕಂಡಿತೇ?"

"ಇನ್ನೂ ನೋಡುತ್ತಿದ್ದೇನೆ" ಎಂದೆ. ಬಿಚ್ಚಿದ ತಂತಿಯನ್ನು ಸುರುಳಿ ಮಾಡಿ, ಹಸಿರು ಭಾಗ ಒಳಗೆ ಬರುವಂತೆ ಇಟ್ಟೆ. ಆ ದಿನ ಕರೆನ್ ನನಗಾಗಿ ಎಲ್ಲಿಂದಲೋ ಬೇಳೆ ತಂದು ಬೇಯಿಸಿದ್ದಳು. ಎರಡು ತುತ್ತು ತಿಂದು ತಟ್ಟೆ ಸರಿಸಿದೆ. ಹದಿನಾಲ್ಕು ಮನೆಗಳ ಒಲೆ ಕಣ್ಣ ಮುಂದೆ ಬರುತ್ತಿತ್ತು. ಅವರೇ ತಮ್ಮ ತಪ್ಪೆನ್ನುತ್ತಿರುವಾಗ ನಾನ್ಯಾಕೆ ಬಾಯಿ ತೆರೆಯಬೇಕು?

ಸಮುದ್ರ

ಮೂರನೆಯ ದಿನ ಮೆಟ್ಟೆ ತನ್ನ ಜೊತೆ ನನ್ನನ್ನೂ ಸಮುದ್ರಕ್ಕೆ ಹೊರಡಿಸಿದಳು. ಇನ್ನೊಂದು ಯಂತ್ರ ನಿಂತಿತ್ತು, ಕಾರಣ ನಮ್ಮದೇ ಕಾಯಿಲ್. "ಅದು ಎಂಥ ಜಾಗದಲ್ಲಿ ಕೂತಿದೆ ಎಂದು ನೋಡಿದರೆ ನಿನಗೆ ಅರ್ಥವಾಗುತ್ತದೆ" ಎಂದಳು.

ಬೋಟು ಹತ್ತುವವರು ತಲೆಯಿಂದ ಕಾಲಿನವರೆಗೆ ಒಂದೇ ತುಂಡಿನ ದಪ್ಪ ರಬ್ಬರಿನ ಉಡುಪು ತೊಡಬೇಕು. ಹುಟ್ಟಿದಾಗಿನಿಂದ ಲಂಗ, ಸೀರೆ ಬಿಟ್ಟು ಬೇರೆ ತೊಡದವಳು ನಾನು. ಎರಡು ಕಾಲನ್ನೂ ಅದರ ಒಂದೇ ತೂತಿಗೆ ಹಾಕಿಕೊಂಡು ಬೆಂಚಿನಿಂದ ಉರುಳಿದೆ. ಮೆಟ್ಟೆ ನಗದೆ ಎಬ್ಬಿಸಿ, ಮಗುವಿಗೆ ತೊಡಿಸಿದ ಹಾಗೆ ತೊಡಿಸಿದಳು.

ಆಮೇಲೆ ಯೆನ್ಸ್ ಬಂದು ನನ್ನ ಎದೆಯತ್ತ ತೋರಿಸಿದ. ಸರ, ಗಟ್ಟಿ ವಸ್ತು ಏನೂ ಇರಕೂಡದು. ನೀರಿಗೆ ಬಿದ್ದರೆ ಮೇಲೆ ತೊಡುವ ಜೀವರಕ್ಷಕ ಜಾಕೆಟ್ಟು ಊದಿಕೊಂಡು ಎದೆಗೆ ಒತ್ತುತ್ತದೆ. ನನ್ನ ಕೊರಳಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಅದನ್ನು ಮೈಯಿಂದ ಬೇರೆ ಮಾಡುವಂತಿಲ್ಲ.

"ಇದನ್ನು ತೆಗೆಯುವುದಿಲ್ಲ" ಎಂದೆ. "ಹಾಗಾದರೆ ನಾನು ಬರುವುದಿಲ್ಲ."

"ಒಳಗೇನಿದೆ?"

"ದೇವರು."

ಯೆನ್ಸ್ ಗಡ್ಡ ಕೆರೆದುಕೊಂಡ. ನಕ್ಕರೆ ಅಲ್ಲಿಂದಲೇ ತಿರುಗಿ ಹೋಗುವವಳಿದ್ದೆ. ಅವನು ನಗಲಿಲ್ಲ. "ಡಬ್ಬಿ ದಡದಲ್ಲಿದ್ದು ದೇವರು ಮಾತ್ರ ಬರಬಹುದೇ?" ಎಂದು ಕೇಳಿದ.

ಬರಬಹುದಿತ್ತು. ನಮ್ಮಜ್ಜಿ ಬೆಳ್ಳಿ ಕಂಡವರಲ್ಲ, ಬಿಳಿ ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳುತ್ತಿದ್ದರು. ಬಾಗಿಲು ಹಾಕಿಕೊಂಡು ನಾನೂ ಹಾಗೆಯೇ ಕಟ್ಟಿದೆ, ತಾಳಿಯನ್ನೂ ಅದೇ ಬಟ್ಟೆಯಲ್ಲಿ ಸುತ್ತಿದೆ. ಕರಡಿಗೆಯನ್ನು ಯೆನ್ಸ್ ಎರಡೂ ಕೈಯಲ್ಲಿ ತೆಗೆದುಕೊಂಡು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ನಾನು ಹೇಳಿಕೊಟ್ಟದ್ದಲ್ಲ, ಎರಡೂ ಕೈ ಅವನಾಗಿಯೇ ಚಾಚಿದ್ದ.

ಬೋಟು ಹೊರಟು ದಡ ಮರೆಯಾಗುವಷ್ಟರಲ್ಲಿ ನನ್ನ ಹೊಟ್ಟೆಯೊಳಗಿನದೆಲ್ಲ ಒಂದು ಬಕೆಟ್ಟಿಗೆ ಬಂದಿತ್ತು. ಆಮೇಲೆ ತಲೆ ಎತ್ತಿದೆ. ನೀರಿನಿಂದ ನೇರ ಎದ್ದ ಬಿಳಿಯ ಕಂಬಗಳು, ಒಂದರ ಹಿಂದೊಂದು, ಸಾಲು ತಪ್ಪದೆ. ಮೂರು ಮೂರು ರೆಕ್ಕೆಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಶಿವನಸಮುದ್ರದಲ್ಲಿ ಕಾವೇರಿ ಬಿದ್ದು ನಮ್ಮ ಊರಿಗೆ ಕರೆಂಟು ಬಂತೆಂದು ನಮ್ಮ ತಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಇಲ್ಲಿ ಬೀಳುವ ನೀರೂ ಇಲ್ಲ, ಬೆಟ್ಟವೂ ಇಲ್ಲ. ಬರಿಯ ಗಾಳಿ. ನನಗೆ ಅರಿವಿಲ್ಲದೆ ಕೈ ಜೋಡಿಸಿದ್ದೆ.

"ನಾನು ಇಲ್ಲೇ ಬಲೆ ಹಾಕುತ್ತಿದ್ದೆ" ಎಂದ ಯೆನ್ಸ್. "ನಮ್ಮಪ್ಪನೂ ಇಲ್ಲೇ. ಈಗ ಹಾಕುವಂತಿಲ್ಲ. ಕಂಬ ಬಂದಾಗ ನಾವು ಬಂದರಿನಲ್ಲಿ ನಿಂತು ಕೂಗಾಡಿದೆವು."

"ಮತ್ತೆ ಇಲ್ಲೇ ಕೆಲಸಕ್ಕೆ ಸೇರಿದಿರಿ?"

"ಮೀನು ಮೊದಲೇ ಕಡಿಮೆಯಾಗಿತ್ತು. ಸಮುದ್ರ ಬಿಟ್ಟು ನನಗೆ ಬೇರೆ ಗೊತ್ತಿಲ್ಲ. ಇದು ಬಂದದ್ದರಿಂದ ನೀರಿನ ಮೇಲೆ ಉಳಿದೆ." ಹಗ್ಗದ ಸುರುಳಿ ಕೈಗೆತ್ತಿಕೊಂಡು, "ಎಲ್ಲರೂ ಉಳಿಯಲಿಲ್ಲ" ಎಂದ.

ನಿಂತ ಯಂತ್ರದ ಬುಡಕ್ಕೆ ಬೋಟಿನ ಮೂತಿಯನ್ನು ಒತ್ತಿ ಹಿಡಿದರು. ಅಲೆಗೆ ಬೋಟು ಆಳೆತ್ತರ ಏಳುತ್ತಿತ್ತು, ಇಳಿಯುತ್ತಿತ್ತು. ಕಂಬಕ್ಕೆ ಬೆಸೆದ ಕಬ್ಬಿಣದ ಏಣಿಗೆ ಕೆಲಸದವನು ಬೋಟಿನಿಂದ ದಾಟಬೇಕು. ಮೊದಲನೆಯವನು ದಾಟಿದ. ಎರಡನೆಯವನು ಕಾಲಿಡುವಾಗ ಬೋಟು ಜಾರಿತು. ಅವನು ಏಣಿಗೆ ಜೋತುಬಿದ್ದ. ಮತ್ತೆ ಎದ್ದ ಬೋಟಿನ ಅಂಚು ಅವನ ಮೊಣಕಾಲಿಗೆ ಬಡಿಯಿತು. ಯೆನ್ಸ್ ಕೂಗಿದ. ಬೋಟು ಹಿಂದಕ್ಕೆ ಸರಿಯಿತು. ಅವನು ಹೇಗೋ ಎರಡು ಮೆಟ್ಟಿಲು ಮೇಲೇರಿ, ಏಣಿಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ ನಿಂತ. ಅವನ ಬೆನ್ನ ಚೀಲದಲ್ಲಿದ್ದದ್ದು ಸುಟ್ಟದ್ದರ ಬದಲಿಗೆಂದು ಒಯ್ಯುತ್ತಿದ್ದ ಮೇಟಗಳ್ಳಿಯ ಕಾಯಿಲ್.

ನಾನು ಕೂತಲ್ಲೇ ಮುದುಡಿಕೊಂಡೆ. ಮೆಟ್ಟೆ ಚಳಿ ಎಂದುಕೊಂಡು ನನ್ನ ಹೆಗಲಿಗೆ ಕಂಬಳಿ ಹೊದಿಸಿದಳು.

ಮತ್ತೆ ವರ್ಕ್‌ಶಾಪು

ಏಣಿಗೆ ಜೋತುಬಿದ್ದವನ ಮೂಳೆ ಮುರಿದಿರಲಿಲ್ಲ. ಮಾರನೆಯ ದಿನ ಅವನು ಕುಂಟುತ್ತಾ ಬಂದು ಕಾಫಿ ಕುಡಿಯುತ್ತಿದ್ದ. ನನಗೆ ನಮಸ್ಕಾರದ ಹಾಗೆ ತಲೆಯಾಡಿಸಿದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟೆ ಕಂಪ್ಯೂಟರಿನ ಮುಂದೆ ಕೂತಿದ್ದಳು. "ವರದಿ ಬರೆಯುತ್ತಿದ್ದೇನೆ. ಎಲ್ಲಾ ಕಪಾಟುಗಳಿಗೂ ದೊಡ್ಡ ಹೀಟರ್ ಹಾಕಿಸುತ್ತೇವೆ. ನಿನ್ನನ್ನು ಅಷ್ಟು ದೂರದಿಂದ ಸುಮ್ಮನೆ ಕರೆಸಿದೆವು, ಬೇಜಾರು ಮಾಡಿಕೊಳ್ಳಬೇಡ."

"ವರದಿ ಬರೆಯಬೇಡ" ಎಂದೆ.

ಬಿಚ್ಚಿದ ಸುರುಳಿ ತಂದು, ಹಸಿರು ತಂತಿಯನ್ನು ಅವಳ ಮುಂದೆ ಹರಡಿದೆ. ಹೊರಗಿನದು ಸ್ವಚ್ಛ, ಒಳಗಿನದು ಕೊಳೆತದ್ದು. "ಈ ನೀರು ನಿಮ್ಮ ಸಮುದ್ರದ್ದಲ್ಲ. ಮೈಸೂರಿನಿಂದಲೇ ಒಳಗೆ ಕೂತು ಬಂದದ್ದು."

ನನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಮಳೆಗಾಲ, ಕರೆಂಟು, ಲಾರಿ, ಪುಟ್ಟಮ್ಮ ಹೇಳಿದ್ದು, ನಾನು ಕೇಳದೇ ಹೋದದ್ದು.

"ಕಾರ್ಡಿನಲ್ಲಿ ಎಂಟು ಗಂಟೆ ಎಂದಿದೆಯಲ್ಲ?"

"ಬರೆದವಳು ನಾನೇ."

ಅವಳು ಎದ್ದು ಹೋದಳು. ಎಷ್ಟು ಹೊತ್ತು ಕೂತಿದ್ದೆನೋ. ಹಿಂದಿರುಗಿದಾಗ ಜೊತೆಗೆ ಅವಳ ಮೇಲಧಿಕಾರಿ ಇದ್ದ. ಅವನು ಕೂಗಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕುರ್ಚಿ ಎಳೆದು ನನ್ನ ಎದುರಿಗೆ ಕೂತು, ಆ ಮಳೆಗಾಲದಲ್ಲಿ ಇನ್ನು ಯಾವ ಯಾವ ಕಾರ್ಡು ಹೀಗೆ ಬರೆದದ್ದು ಎಂದು ಒಂದೊಂದಾಗಿ ಕೇಳಿದ. ನೆನಪಿದ್ದಷ್ಟನ್ನೂ ಹೇಳಿದೆ. ಅನುಮಾನವಿದ್ದದ್ದನ್ನು ಅನುಮಾನ ಎಂದೇ ಹೇಳಿದೆ. ಎಲ್ಲ ಬರೆದುಕೊಂಡ ಮೇಲೆ ಪೆನ್ನು ಕೆಳಗಿಟ್ಟ.

"ಇವನ್ನೆಲ್ಲ ನೀವು ಬದಲಿಸಿ ಕೊಡಬೇಕು. ಅಲ್ಲಿಯವರೆಗೆ ಹೊಸ ಆರ್ಡರ್ ಇಲ್ಲ."

"ಆಗಲಿ."

"ನೀನು ಹೇಳದಿದ್ದರೆ ನಾವು ಹೀಟರ್ ಬದಲಿಸುತ್ತಾ ಇರುತ್ತಿದ್ದೆವು. ಕಾಯಿಲ್ ಸುಡುತ್ತಲೇ ಇರುತ್ತಿತ್ತು. ನಮ್ಮ ಹುಡುಗರು ಏಣಿ ಹತ್ತುತ್ತಲೇ ಇರುತ್ತಿದ್ದರು." ಎದ್ದು ನಿಂತು ಕೈ ಚಾಚಿದ. "ಥ್ಯಾಂಕ್ಯೂ, ಗಿರಿಜಾ."

ಬರಿಯ ಗಿರಿಜಾ ಎಂದೇ ಕರೆದ. ಆದರೆ ಅವತ್ತು ಅದು ಚುಚ್ಚಲಿಲ್ಲ. ಮೆಟ್ಟೆ ನನ್ನ ಕೈಗೆ ಅವಳದೇ ಕಾಫಿ ಲೋಟ ಕೊಟ್ಟಳು, ಆಗ ಮಾತ್ರ ಅತ್ತೆ.

ಕರೆನ್ ಮನೆಯಿಂದ ನಂಜುಂಡಯ್ಯನವರಿಗೆ ಫೋನು ಮಾಡಿದೆ.

"ಅವ್ರೇ ತಮ್ ತಪ್ಪು ಅಂತ ಒಪ್ಕೊಂಡಿದ್ರಲ್ಲಮ್ಮ! ನೀವ್ ಸುಮ್ನೆ ಇದ್ಬುಡೋಕೇನಾಗಿತ್ತು?"

"ನನ್ನ ಕೆಲಸ ತೆಗೆದ್ರೂ ಸರಿ ಸಾರ್. ಒಬ್ಬ ಮನುಷ್ಯ ಸಮುದ್ರದಲ್ಲಿ ನೇತಾಡ್ತಿದ್ದ. ನಮ್ ಕಾಯಿಲ್ ಬೆನ್ನಿಗೆ ಕಟ್ಕೊಂಡು."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಕೇಳಿದರು, "ಅವನಿಗೆ ಏನೂ ಆಗ್ಲಿಲ್ವಲ್ಲ?"

"ಇಲ್ಲ."

"ಸದ್ಯ. ಬನ್ನಿ, ಒಲೆಗೆ ಒಂದು ಜನರೇಟರ್ ನೋಡೋಣ."

ಹೊರಡುವ ಬೆಳಿಗ್ಗೆ ಕರೆನ್, ಯೆನ್ಸ್ ಇಬ್ಬರೂ ರೈಲ್ವೆ ನಿಲ್ದಾಣಕ್ಕೆ ಬಂದರು. ಯೆನ್ಸ್ ನನ್ನ ಪೆಟ್ಟಿಗೆಯನ್ನು ಒಳಗಿಟ್ಟು, ಗಾಳಿ ಇಲ್ಲದ ಊರಿಗೆ ಹೋಗುತ್ತಿದ್ದೀಯ ಎಂದು ಮರುಕಪಟ್ಟ. ರೈಲು ಹೊರಟಾಗ ಕರೆನ್ ಕೈ ಬೀಸಲಿಲ್ಲ. ನನ್ನನ್ನು ನೋಡಿ ಕಲಿತ ಹಾಗೆ ಎರಡೂ ಕೈ ಜೋಡಿಸಿ ನಿಂತಿದ್ದಳು.

ಕಾರ್ಖಾನೆಗೆ ಮರಳಿ

ಮೊದಲ ದಿನವೇ ಎಲ್ಲರ ಎದುರಿಗೆ ಪುಟ್ಟಮ್ಮನಿಗೆ ಹೇಳಿದೆ. "ಅವತ್ತು ನೀನು ಹೇಳಿದ್ದು ಸರಿ ಕಣಮ್ಮ. ತಪ್ಪು ನಂದು."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಯ್ಯೋ ಬುಡಕ್ಕ, ಅದನ್ನ ಯೋಳಕ್ಕೆ ಅಷ್ಟ್ ದೂರ ಓಗ್ಬೇಕಾಗಿತ್ತಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಗುರವಾಯಿತು.

ಬದಲಿ ಕಾಯಿಲ್‌ಗಳನ್ನು ಸುತ್ತಿ ಮುಗಿಸಲು ದೀಪಾವಳಿ ಕಳೆಯಿತು. ಓವನ್ನಿನ ಬಾಗಿಲನ್ನು ಪುಟ್ಟಮ್ಮ ಮುಟ್ಟಿ ನೋಡಿ ಹೂಂ ಎನ್ನದೆ ಒಂದೂ ಹೊರಗೆ ಬರಲಿಲ್ಲ. ಲಾರಿ ಹಾರ್ನ್ ಹೊಡೆಯಿತು. ಹೊಡೆಯಲಿ ಎಂದು ಬಿಟ್ಟೆವು. ಪೆಟ್ಟಿಗೆಗಳು ಹೋದವು. ಆಮೇಲೆ ತಿಂಗಳುಗಟ್ಟಲೆ ಏನೂ ಸುದ್ದಿಯಿಲ್ಲ. ನಂಜುಂಡಯ್ಯನವರು ಫ್ಯಾಕ್ಸ್ ಯಂತ್ರದ ಹತ್ತಿರ ಹೋಗಿ ನಿಂತು ಬರುತ್ತಿದ್ದರು.

ಯುಗಾದಿ ಹತ್ತಿರ ಬಂದಾಗ ಮೆಟ್ಟೆಯ ಕಾಗದ ಬಂತು. ಊಟದ ಹೊತ್ತು. ಹದಿನಾಲ್ಕು ಜನವೂ ಡಬ್ಬಿ ಬಿಚ್ಚಿ ಕೂತಿದ್ದರು. ನಿಂತುಕೊಂಡೇ ಓದಿದೆ, ಓದುತ್ತಾ ಕನ್ನಡದಲ್ಲಿ ಹೇಳಿದೆ. ಹೊಸ ಆರ್ಡರಿನ ವಿಷಯ ಕೊನೆಗಿತ್ತು. ಅದಕ್ಕೂ ಮೊದಲು ಅವಳು ಬರೆದಿದ್ದಳು: "ಈ ಚಳಿಗಾಲದಲ್ಲಿ ಬಿರುಗಾಳಿ ಬಹಳ ಇತ್ತು. ನಿಮ್ಮ ಕಾಯಿಲ್ ಸಲುವಾಗಿ ನಮ್ಮವರು ಒಬ್ಬರೂ, ಒಂದು ಸಲವೂ, ಏಣಿ ಹತ್ತಲಿಲ್ಲ."

ಪುಟ್ಟಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು.

"ಇನ್ನೊಂದ್ಸಲ ಓದಕ್ಕ" ಎಂದಳು.

ಓದಿದೆ.